ಗುಂಡಮೀಸೆಯ ಕಾವಲು

ಹತ್ತಿರ ಬನ್ನಿ, ಕೂತ್ಕೊಳ್ಳಿ. ಹಿಂದೆ ಕೂತವರು ಒಬ್ಬರನ್ನೊಬ್ಬರು ಚಿವುಟೋದು ನಿಲ್ಲಿಸಿ. ಇದು ಮೀನಿನ ಕಥೆ. ಗದ್ದಲ ಮಾಡಿದರೆ ಮೀನು ಓಡಿಹೋಗುತ್ತೆ, ಆಮೇಲೆ ನನ್ನನ್ನ ಕೇಳಬೇಡಿ.

ಸುಳಿಗೆರೆ ಅಂತ ಒಂದು ಸೀಮೆ. ಆ ಸೀಮೆಗೆ ಮುದ್ದುಮಲ್ಲ ಅಂತ ಒಬ್ಬ ದೊರೆ. ಕೋಟೆಯ ಮುಂದೆ ದೊಡ್ಡ ಕೆರೆ, ಕೆರೆಯ ದಂಡೆಯಲ್ಲಿ ಬೆಸ್ತರ ಕೇರಿ. ಕೆರೆ ತುಂಬ ಮುರುಗೋಡು ಮೀನು. ಮುರುಗೋಡು ನೋಡಿದ್ದೀರಲ್ಲ? ಮೈಮೇಲೆ ಹುರುಪೆ ಇಲ್ಲ, ಕೆಸರಿನ ಬಣ್ಣ, ಬಾಯಿಯ ಸುತ್ತ ಉದ್ದುದ್ದ ಮೀಸೆ. ನಮ್ಮ ಪಟೇಲರ ಮೀಸೆ ಅದರ ಮುಂದೆ ಏನೂ ಅಲ್ಲ. ದೊರೆಗೆ ಆ ಮೀನಿನ ಸಾರು ಅಂದರೆ ಪ್ರಾಣ. ಕೇರಿಯವರಿಗೆ ಅದೇ ಜೀವನ.

ಒಂದು ವರ್ಷ ಕೆರೆಗೆ ಅದೇನೋ ರೋಗ ಬಂತು. ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದವು. ಉಳಿದದ್ದು ಒಂದೇ ಜೋಡಿ. ಕೇರಿಯ ಮಾಳವ್ವ ಅನ್ನೋ ಹೆಂಗಸು ತನ್ನ ಹಿತ್ತಲ ಬಾನಿಯಲ್ಲಿ ಮುದ್ದಿಗೆ ಅಂತ ಬಿಟ್ಟುಕೊಂಡಿದ್ದ ಜೋಡಿ ಅದು.

ದೊರೆ ಅವಳನ್ನ ಕರೆಸಿದ.

"ಮಾಳವ್ವ, ಆ ಜೋಡಿಯಿಂದ ಮರಿ ಮಾಡಿಸು. ಮಳೆ ಹಿಡಿಯೋ ಹೊತ್ತಿಗೆ ಕೆರೆಗೆ ಬಿಡೋಷ್ಟು ಮರಿ ಇದ್ದರೆ ನಿಮ್ಮ ಕೇರಿ ಇದ್ದಲ್ಲೇ ಇರಲಿ. ಇಲ್ಲದಿದ್ದರೆ ಮೀನಿಲ್ಲದ ಕೆರೆ ನನಗ್ಯಾಕೆ? ಮುಚ್ಚಿಸಿ ಕುದುರೆ ಓಡಿಸೋ ಬಯಲು ಮಾಡ್ತೀನಿ. ನೀವೆಲ್ಲ ಬೇರೆ ನೀರು ನೋಡ್ಕೊಳ್ಳಿ."

ಮಾಳವ್ವ ಕೈಮುಗಿದು ಬಂದಳು. ಬರುವಾಗ ಕೇರಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿದ್ದರು. ಎಲ್ಲರ ಕಣ್ಣೂ ಅವಳ ಮೇಲೇ ಇತ್ತು.

ಅವಳೂ ಅವಳ ಗಂಡ ತೊರೆಯಪ್ಪನೂ ಸೇರಿ ಮನೆಯ ಹಿಂದೆ ಒಂದು ಕೊಳ ತೋಡಿದರು. ಜೇಡಿಮಣ್ಣು ಮೆತ್ತಿದರು. ನೀರು ತುಂಬಿದರು. ನೆರಳಿಗೆ ನೀರ ಮೇಲೆ ತೇಲೋ ಅಂತರಗಂಗೆ ಗಿಡ ಬಿಟ್ಟರು, ಅಡಗಿಕೊಳ್ಳೋದಕ್ಕೆ ಒಡೆದ ಮಡಕೆ ಇಟ್ಟರು. ಬಾನಿಯ ಜೋಡಿಯನ್ನ ಅದಕ್ಕೆ ಬಿಟ್ಟ ಮೇಲೆ ತಾಯಿಮೀನು ಮೊಟ್ಟೆ ಇಟ್ಟಿತು. ದೊಡ್ಡವೆರಡನ್ನೂ ಮತ್ತೆ ಬಾನಿಗೆ ಬಿಟ್ಟು, ಮೊಟ್ಟೆ ಒಡೆಯೋದನ್ನೇ ಕಾಯುತ್ತ ಕೂತರು.

ಮುರುಗೋಡಿನ ಮರಿ ಹುಟ್ಟುವಾಗಲೇ ಹೊಟ್ಟೆಗೆ ಬುತ್ತಿ ಕಟ್ಟಿಕೊಂಡು ಬರುತ್ತೆ. ಸುಳ್ಳಲ್ಲ, ಹಳದಿ ಬುತ್ತಿ. ಅದು ಮುಗಿಯೋ ತನಕ ಯಾರ ಹಂಗೂ ಇಲ್ಲ, ತಳದಲ್ಲಿ ಗುಂಪಾಗಿ ಬಿದ್ದಿರುತ್ತೆ. ಬುತ್ತಿ ಮುಗಿಯಿತೋ, ಶುರುವಾಯಿತು ನೋಡಿ ಹಸಿವು! ಮಾಳವ್ವ ಕೋಳಿಮೊಟ್ಟೆಯ ಹಳದಿ ಬೇಯಿಸಿ ಬಟ್ಟೆಯಲ್ಲಿ ಸೋಸಿ ಹಾಕಿದಳು. ಚರಂಡಿಯ ಕೆಂಪುಹುಳ ತಂದು ತೊಳೆದು ಹಾಕಿದಳು. ಆಮೇಲೆ ಕಡಲೆಹಿಂಡಿ, ತೌಡು ಕಲಸಿ ಹಾಕಿದಳು. ಅವಳು ದಂಡೆಗೆ ಬಂದು ಕೈಯಾಡಿಸಿದರೆ ಸಾಕು, ಕೊಳದ ನೀರೆಲ್ಲ ಕಪ್ಪಗೆ ಕುದಿಯುತ್ತಿತ್ತು. ಅಷ್ಟು ಮರಿ. ಎಣಿಸೋದು ಯಾರಿಂದಾಗುತ್ತೆ?

ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಅಮಾವಾಸ್ಯೆಗೊಂದು ಸಲ ದೊರೆ ತನ್ನ ಬೆಳೆ ನೋಡೋಕೆ ಬರುತ್ತಿದ್ದ. ಹೊಲದವರು ಹೊಲದ ಅತಿ ದೊಡ್ಡ ತೆನೆ ಕಿತ್ತು ತೋರಿಸಬೇಕು. ಕುರಿಯವರು ಅತಿ ಕೊಬ್ಬಿದ ಟಗರು ತೋರಿಸಬೇಕು. ಮಾಳವ್ವ ಅತಿ ದೊಡ್ಡ ಮರಿಯನ್ನ ಹಿತ್ತಾಳೆ ಬಟ್ಟಲಲ್ಲಿ ಹಾಕಿ ತೋರಿಸಬೇಕು. ದೊರೆ ನೋಡೋದು ಅಷ್ಟೇ. ದೊಡ್ಡದು ದೊಡ್ಡದಾಗಿದ್ದರೆ ಉಳಿದದ್ದೂ ಹಾಗೇ ಇರುತ್ತೆ ಅಂತ ಅವನ ಲೆಕ್ಕ. ದೊರೆ ಲೆಕ್ಕ, ತಪ್ಪು ಅನ್ನೋರು ಯಾರು?

ಮರಿಗಳಲ್ಲಿ ಒಂದು ಬೇಗ ಬೆಳೆಯಿತು. ತಲೆ ದಪ್ಪ, ಹೊಟ್ಟೆ ಗುಂಡಗೆ, ಮೀಸೆ ಠೀವಿ. ಮಾಳವ್ವ ಅದಕ್ಕೆ ಗುಂಡಮೀಸೆ ಅಂತ ಹೆಸರಿಟ್ಟಳು. ಬಟ್ಟಲಲ್ಲಿ ಅದನ್ನ ನೋಡಿ ದೊರೆ "ಭೇಷ್!" ಅಂದ, ಎಲೆಯಡಿಕೆ ಕೊಟ್ಟ. ಮಾಳವ್ವ ನೆಲದ ಮೇಲೆ ನಡೆಯಲಿಲ್ಲ, ಹಾರಿಕೊಂಡೇ ಮನೆಗೆ ಬಂದಳು. ಅವತ್ತಿನಿಂದ ಗುಂಡಮೀಸೆಗೆ ಒಂದು ಉಂಡೆ ಹಿಂಡಿ ಜಾಸ್ತಿ.

ಒಂದು ಬೆಳಗ್ಗೆ ಮಾಳವ್ವ ಹಿಂಡಿ ಎರಚಿದಳು. ನೀರು ಕುದಿಯಿತು, ಆದರೆ ಮೊದಲಿನ ಹಾಗಲ್ಲ. ಅಲ್ಲಲ್ಲಿ ನೀರು ಬರಿದಾಗಿ ತಳ ಕಾಣುತ್ತಿತ್ತು. ಅವಳು ಕಣ್ಣುಜ್ಜಿಕೊಂಡಳು. ಸತ್ತಿದ್ದರೆ ತೇಲಬೇಕು. ಬದುಕಿದ್ದರೆ ಕಾಣಬೇಕು. ಇವು ತೇಲಲೂ ಇಲ್ಲ, ಕಾಣಲೂ ಇಲ್ಲ. ಹಾಗಾದರೆ ಹೋದದ್ದೆಲ್ಲಿಗೆ? ನೆಂಟರ ಮನೆಗೆ ಹೋದವಾ?

ಗುಂಡಮೀಸೆ ದಂಡೆಯ ಹತ್ತಿರ ಮೇಲೆ ಬಂತು. ಆಗಿನ ಕಾಲದಲ್ಲಿ ಮೀನು ಮಾತಾಡುತ್ತಿದ್ದವು. ಈಗಲೂ ಮಾತಾಡುತ್ತವೆ, ಕೇಳೋ ವ್ಯವಧಾನ ನಮಗಿಲ್ಲ.

"ಅವ್ವಾ, ಯಾಕೆ ಹಿಂಗೆ ನಿಂತಿದ್ದೀಯ?"

"ಮರಿ ಕಮ್ಮಿ ಆಗಿದಾವಲ್ಲೋ ಮಗಾ. ಯಾರು ಹೊತ್ಕೊಂಡು ಹೋದ್ರು?"

"ನನ್ನ ತಮ್ಮ ತಂಗೀರು ಅವ್ವಾ, ನನಗೂ ಹೊಟ್ಟೆ ಉರೀತದೆ. ಆ ಮಿಂಚುಳ್ಳಿ ಕೊಂಬೆ ಮೇಲೆ ಕೂತಿರ್ತದಲ್ಲ, ಅದರದ್ದೇ ಕೆಲಸ. ಅಂತರಗಂಗೆ ಮರೆಯಲ್ಲಿ ಅದು ಮುಳುಗೋದು ನನಗೆ ಕಾಣಿಸಲ್ಲ. ಅದನ್ನೆಲ್ಲ ತೆಗೆಸಿಬಿಡು. ನಾನು ಕಾವಲಿರ್ತೀನಿ."

ಎಂಥ ಮರಿ! ಮಾಳವ್ವನ ಕಣ್ಣು ತುಂಬಿ ಬಂತು. ಅಂತರಗಂಗೆ ಎಳೆದು ದಂಡೆಗೆ ಹಾಕಿದಳು. ಕೋಲು ಹಿಡಿದು ಮಿಂಚುಳ್ಳಿಯ ಮರದ ಕೆಳಗೆ ಹೋದಳು.

"ನನ್ನ ಮರಿ ತಿಂದೆಯೇನೇ?"

"ತಿಂದೆ," ಅಂತು ಮಿಂಚುಳ್ಳಿ. "ಸುಳ್ಳು ಯಾಕೆ ಹೇಳ್ಲಿ, ಒಂದೆರಡು ತಿಂದೆ. ಆದರೆ ನೀನು ಕೊಳ ಬರಿದಾಯ್ತು ಅಂತೀಯಲ್ಲ, ಅಷ್ಟು ತಿಂದೋರು ಹಾರೋಕಾಗ್ತದಾ? ನನ್ನ ಹೊಟ್ಟೆ ನೋಡು ಮಾಳವ್ವ."

ಅದರ ಹೊಟ್ಟೆ ಬೆನ್ನಿಗೆ ಅಂಟಿತ್ತು. ಆದರೂ ಒಪ್ಪಿಕೊಂಡಿತಲ್ಲ! ಒಪ್ಪಿಕೊಂಡವಳೇ ಕಳ್ಳಿ, ಇನ್ಯಾಕೆ ವಿಚಾರಣೆ? ಮಾಳವ್ವ ಕೋಲು ಬೀಸಿದಳು. ಮಿಂಚುಳ್ಳಿ ಹಾರಿಹೋಯಿತು.

ಇನ್ನು ಸರಿಹೋಯಿತು ಅಂತ ನೆಮ್ಮದಿಯಿಂದ ಮಲಗಿದಳು. ಬೆಳಗಾಗೆದ್ದು ನೋಡಿದರೆ ಮರಿ ಇನ್ನೂ ಕಮ್ಮಿ. ಮೊದಲಿಗಿಂತ ಜಾಸ್ತಿ ಕಮ್ಮಿ. ಮಿಂಚುಳ್ಳಿ ಇದ್ದಾಗ ಹೋದದ್ದು ಒಂದು ಪಾಲು, ಮಿಂಚುಳ್ಳಿ ಹೋದ ಮೇಲೆ ಹೋದದ್ದು ಎರಡು ಪಾಲು. ಇದೆಂಥ ಲೆಕ್ಕ? ಮಾಳವ್ವ ಅವತ್ತು ಮುದ್ದೆಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕಿದಳು. ತೊರೆಯಪ್ಪ ಬಾಯಿ ಬಿಡದೆ ಉಂಡು ಎದ್ದ, ಪಾಪ.

ಗುಂಡಮೀಸೆ ಮತ್ತೆ ಮೇಲೆ ಬಂತು. ಈಗ ಇನ್ನಷ್ಟು ಗುಂಡಗಾಗಿತ್ತು.

"ಅವ್ವಾ, ಮಿಂಚುಳ್ಳಿ ಅಲ್ಲ, ಕಪ್ಪೆ. ಒಡೆದ ಮಡಕೆಯೊಳಗೆ ಸಂಸಾರ ಹೂಡಿದೆ. ಮರಿಗಳು ಒಳಗೆ ಹೋದವು ಹೊರಗೆ ಬರಲಿಲ್ಲ. ಮಡಕೆ ತೆಗೆಸು, ಕಪ್ಪೆ ಓಡಿಸು. ನಾನು ಕಾವಲಿದ್ದೀನಲ್ಲ?"

ಮಾಳವ್ವ ಮಡಕೆ ಚೂರನ್ನೆಲ್ಲ ಎತ್ತಿ ಹಾಕಿದಳು. ಒಂದೊಂದು ಚೂರಿನ ಕೆಳಗಿಂದಲೂ ಸಣ್ಣ ಸಣ್ಣ ಮರಿ ಬುಳಬುಳ ಅಂತ ಚದುರಿದವು. ಅರೆ, ಮಡಕೆಯೊಳಗೆ ಹೋದವು ಬದುಕೇ ಇದ್ದಾವಲ್ಲ? ಅವಳಿಗೆ ಒಂದು ಗಳಿಗೆ ಏನೋ ಹೊಳೆದ ಹಾಗಾಯಿತು. ಅಷ್ಟರಲ್ಲಿ ಕಪ್ಪೆ ಕುಪ್ಪಳಿಸಿತು, ಹೊಳೆದದ್ದು ಹಾರಿಹೋಯಿತು.

"ನನ್ನ ಮರಿ ತಿಂದೆಯೇನೇ?"

"ಅಯ್ಯೋ ತಾಯಿ!" ಅಂತು ಕಪ್ಪೆ. "ನಿನ್ನ ಮರಿ ನಾನು ತಿನ್ನೋದಿರಲಿ, ನನ್ನ ಮರಿಗಳನ್ನೇ ನಿನ್ನ ಮರಿಗಳು ತಿಂತಾ ಇದಾವೆ. ನಾನು ಯಾರ ಹತ್ರ ಹೇಳ್ಕೊಳ್ಳಲಿ? ನನ್ನ ಹೊಟ್ಟೆ ನೋಡು."

ಕಪ್ಪೆಯ ಹೊಟ್ಟೆ ಬತ್ತಿದ ಚೀಲ. ಮಾಳವ್ವನ ತಲೆ ಗಿರ್ರಂತು. ಕಳ್ಳರನ್ನ ಹಿಡಿಯೋಕೆ ಬಂದರೆ ಕಳ್ಳರೇ ದೂರು ಕೊಡುತ್ತಾರಲ್ಲ! ಏನೂ ತಿಳಿಯದೆ, ಯಾವುದಕ್ಕೂ ಇರಲಿ ಅಂತ ಕಪ್ಪೆಯನ್ನೂ ಓಡಿಸಿದಳು. ಕಪ್ಪೆ ತನ್ನ ಉಳಿದ ಮರಿಗಳನ್ನ ಕರೆದುಕೊಂಡು ಕಾಲುವೆ ದಾಟಿ ಹೋಯಿತು.

ಮರುದಿನ ಮರಿ ಮತ್ತೂ ಕಮ್ಮಿ. ಅದರ ಮರುದಿನ ಇನ್ನೂ ಕಮ್ಮಿ.

ನೋಡಿ, ನೀವು ನಗುತ್ತಿದ್ದೀರಿ. ದಂಡೆಯ ಮೇಲೆ ಕೂತು ಕಥೆ ಕೇಳೋರಿಗೆ ಎಲ್ಲ ಗೊತ್ತಾಗುತ್ತೆ. ಮಾಳವ್ವನ ಜಾಗದಲ್ಲಿ ನಿಂತು ನೋಡಿ. ಕಾವಲು ಹಾಕಿದಷ್ಟೂ ಕಳವು ಜಾಸ್ತಿ. ಕೊಳ ಸ್ವಚ್ಛ ಮಾಡಿದಷ್ಟೂ ಮರಿ ಮಾಯ. ರಾತ್ರಿ ಕೂತು ನೋಡೋಣ ಅಂದರೆ ನೀರೂ ಕಪ್ಪು, ಮರಿಯೂ ಕಪ್ಪು. ದೆವ್ವ ಅನ್ನೋಣವೇ? ಬೇವಿನ ಸೊಪ್ಪು ಕಟ್ಟಿದಳು. ದೃಷ್ಟಿ ಅನ್ನೋಣವೇ? ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಆ ಹೊತ್ತಿಗೆ ಮೂಡಲಲ್ಲಿ ಮೋಡ ಕಟ್ಟೋಕೆ ಶುರುವಾಗಿತ್ತು. ಕೇರಿಯಲ್ಲಿ ಒಬ್ಬಿಬ್ಬರು ಆಗಲೇ ಬಲೆ ಸುತ್ತಿ ಗಂಟು ಕಟ್ಟುತ್ತಿದ್ದರು. ಅದನ್ನ ನೋಡಿ ಮಾಳವ್ವ ಕೊಳದ ದಂಡೆಗೆ ಬಂದು ಕೂತಳು. ನನ್ನ ಕೈಯಿಂದಲೇ ಕೇರಿ ಎದ್ದುಹೋಗುತ್ತಾ ಅಂತ ಅತ್ತಳು.

ಗುಂಡಮೀಸೆ ಮೂರನೇ ಸಲ ಮೇಲೆ ಬಂತು. ಈ ಸಲ ದನಿ ತಗ್ಗಿಸಿತು.

"ಅವ್ವಾ, ಹೇಳಬಾರದು. ಆದರೂ ಹೇಳ್ತೀನಿ. ಕಳ್ಳ ಹೊರಗಿನೋನಲ್ಲ. ಹಿಂಡಿ ಬುಟ್ಟಿ ಹಿಡ್ಕೊಂಡು ದಿನಾ ಬರ್ತಾನಲ್ಲ, ನಿನ್ನ ಗಂಡ..."

"ಏನಂದೆ?"

"ಅವನ ಕೈಗೆ ಬುಟ್ಟಿ ಕೊಡಬೇಡ. ಹಿಂಡಿ ಎಲ್ಲಾನೂ ನನ್ನ ಮೂಲೆಗೆ ಹಾಕು. ಎಲ್ಲರಿಗೂ ನಾನೇ ಸಮನಾಗಿ ಹಂಚ್ತೀನಿ."

ಗೊಂದಲದಲ್ಲಿ ಬಿದ್ದವರಿಗೆ ಯಾವ ಮಾತೂ ಸರಿ ಅನ್ನಿಸುತ್ತೆ. ಹಿಂಡಿಯನ್ನೆಲ್ಲ ಗುಂಡಮೀಸೆಯ ಮೂಲೆಗೆ ಸುರಿದು ಮಾಳವ್ವ ಸೀದಾ ಮನೆಗೆ ಹೋದಳು. ತೊರೆಯಪ್ಪ ಜಗಲಿಯ ಮೇಲೆ ಬಲೆ ಹೆಣೆಯುತ್ತ ಕೂತಿದ್ದ.

"ಬಾಯಿ ತೆಗಿ."

"ಯಾಕಮ್ಮಿ?"

"ತೆಗಿ ಅಂದ್ರೆ ತೆಗಿ."

ಅವನು ಬಾಯಿ ತೆಗೆದ. ಅವಳು ಮೂಸಿದಳು. ಈರುಳ್ಳಿ ವಾಸನೆ. ಮೀನಿನ ವಾಸನೆ ಇಲ್ಲ.

"ನನ್ನ ಮರಿ ತಿಂದೆಯೇನಯ್ಯ?"

ತೊರೆಯಪ್ಪ ಬಲೆ ಕೆಳಗಿಟ್ಟ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನೋವಾಯಿತು. ಅಂಗಿ ಎತ್ತಿದ.

"ಎರಡುಪ್ಪಿನ ಮುದ್ದೆ ಉಂಡು ಉಂಡು ಹೆಂಗಾಗಿದೀನಿ ನೋಡಮ್ಮಿ. ಕೊಳದ ಮೀನೆಲ್ಲ ತಿಂದೋನು ಹಿಂಗಿರ್ತಾನಾ? ನನ್ನ ಹೊಟ್ಟೆ ನೋಡು."

ಮಾಳವ್ವ ನೋಡಿದಳು. ಪಕ್ಕೆಲುಬು ಎಣಿಸಬಹುದಿತ್ತು. ನೋಡುತ್ತ ನೋಡುತ್ತ ಅವಳಿಗೆ ಒಂದೊಂದೇ ನೆನಪಾಯಿತು. ಮಿಂಚುಳ್ಳಿ ಅದನ್ನೇ ಹೇಳಿತು. ಕಪ್ಪೆ ಅದನ್ನೇ ಹೇಳಿತು. ಗಂಡನೂ ಅದನ್ನೇ ಹೇಳುತ್ತಿದ್ದಾನೆ. ಇವರ ಯಾರ ಹೊಟ್ಟೆಯಲ್ಲೂ ಇಲ್ಲದ ಮರಿ ಎಲ್ಲೋ ಒಂದು ಹೊಟ್ಟೆಯಲ್ಲಿ ಇರಲೇಬೇಕಲ್ಲ? ಹೊಟ್ಟೆ ಬಂದಿರೋದು ಯಾರಿಗೆ?

ಕೊಳಕ್ಕೆ ಓಡಿದಳು. ಕೈಯಾಡಿಸಿದಳು. ಗುಂಡಮೀಸೆ ಮೇಲೆ ಬಂತು.

"ಏನವ್ವಾ, ಹಿಡಿದೆಯಾ ಕಳ್ಳನ್ನ?"

ಮಾಳವ್ವ ಅದರ ಮುಖವನ್ನೇ ನೋಡಿದಳು. ಒಂದೇ ದಿನ ಹುಟ್ಟಿದವು, ಒಂದೇ ತಾಯಿಯ ಮಕ್ಕಳು. ಉಳಿದವು ಬೇವಿನ ಬೀಜದಷ್ಟು, ಇದು ಅವಳ ಹೆಬ್ಬೆರಳಿನಷ್ಟು. ಒಂದುಂಡೆ ಹೆಚ್ಚಿಗೆ ಹಿಂಡಿ ತಿಂದರೆ ಇಷ್ಟು ಬೆಳೆಯುತ್ತಾ? ಮೀಸೆ ನೋಡಿದಳು. ಈ ಕಡೆ ನಾಲ್ಕು. ಆ ಕಡೆ ನಾಲ್ಕು. ಬಾಯಿಯ ಮೂಲೆಯಲ್ಲಿ ಇನ್ನೊಂದು. ಆ ಇನ್ನೊಂದು ಮೀಸೆ ತಾನಾಗೇ ಒದ್ದಾಡುತ್ತಿತ್ತು.

ಅದು ಮೀಸೆಯಲ್ಲ, ಬಾಲ. ಗುಂಡಮೀಸೆ ಗುಟುಕ್ಕಂತ ನುಂಗಿತು. ಮೀಸೆ ಸರಿಹೋಯಿತು.

ಮಾಳವ್ವನಿಗೆ ಕಿರುಚಬೇಕು ಅನ್ನಿಸಿತು, ಕಿರುಚಲಿಲ್ಲ. ಕೈ ಹಾಕಿ ಹಿಡಿಯೋಣ ಅಂದರೆ ಕೊಳದ ತಳದಲ್ಲಿ ಇನ್ನೂ ನಾಲ್ಕೈದು ದಪ್ಪ ತಲೆಗಳು ಕಂಡವು. ದೊಡ್ಡಣ್ಣನನ್ನ ನೋಡಿ ಕಲಿತವು. ಒಂದನ್ನ ಹಿಡಿದರೆ ಉಳಿದವು ಕೆಸರಿಗೆ ಇಳಿದುಬಿಡುತ್ತವೆ. ಅಯ್ಯೋ ನನ್ನ ಬುದ್ಧಿಯೇ, ಗಿಡ ತೆಗೆದವಳು ನಾನು, ಮಡಕೆ ತೆಗೆದವಳು ನಾನು, ಊಟ ಕೂಡ ಈ ಕಳ್ಳನ ಕೈಗೇ ಕೊಟ್ಟೆ ಅಂತ ಒಳಗೊಳಗೇ ಬೆಂದಳು. ಮೇಲೆ ಮಾತ್ರ ನಕ್ಕಳು.

"ಹಿಡಿದೆ ಮಗಾ. ನಿನ್ನಿಂದಾನೇ ಹಿಡಿದೆ. ದೊರೆಗೆ ಹೇಳಿ ನಿನಗೊಂದು ಪಲ್ಲಕ್ಕಿ ಮಾಡಿಸ್ತೀನಿ."

"ಪಲ್ಲಕ್ಕಿನಾ!" ಗುಂಡಮೀಸೆಯ ಮೀಸೆ ನೆಟ್ಟಗಾಯಿತು.

ಮಾಳವ್ವನೂ ತೊರೆಯಪ್ಪನೂ ಕೂತು ಬಿದಿರು ಸೀಳಿದರು. ಒಂದು ದೊಡ್ಡ ಬುಟ್ಟಿ ಹೆಣೆದರು. ಸಣ್ಣ ಮರಿ ನುಸುಳಿಹೋಗಬೇಕು, ದೊಡ್ಡದು ನುಸುಳಬಾರದು, ಅಷ್ಟು ಸಂದು ಬಿಟ್ಟರು. ನಾಲ್ಕು ಕಡೆ ಚೆಂಡುಹೂ ಕಟ್ಟಿದರು. ಕೊಳಕ್ಕೆ ಇಳಿಸಿ ಒಳಗೆ ಕೆಂಪುಹುಳ ಸುರಿದರು. ಕೊಳದ ಮರಿಯೆಲ್ಲ ಅದರೊಳಗೆ ನುಗ್ಗಿದವು.

"ಮಗಾ, ಇದೇ ನಿನ್ನ ಪಲ್ಲಕ್ಕಿ," ಅಂದಳು ಮಾಳವ್ವ. "ಆದರೆ ಈ ಪುಟಗೋಸಿಗಳೆಲ್ಲ ತುಂಬ್ಕೊಂಡವಲ್ಲ. ದೊರೆ ಮುಂದೆ ಇವರ ಜೊತೆ ಹೋಗ್ತೀಯಾ?"

"ಛೀ ಛೀ! ದೊಡ್ಡೋರು ಕೂರೋ ಪಲ್ಲಕ್ಕಿ ಇದು!" ಅಂತು ಗುಂಡಮೀಸೆ. ಬಾಲ ಬೀಸಿತು, ಬಾಯಿ ತೆಗೆದು ಅಟ್ಟಿಸಿತು. ಸಂದಿನಲ್ಲಿ ಸಣ್ಣದೆಲ್ಲ ಸರಸರ ಅಂತ ನುಸುಳಿ ಹೊರಗೆ ಹೋದವು. "ನೀವು ಬನ್ರೋ," ಅಂತ ತನ್ನ ಹಾಗೇ ದಪ್ಪಗಿದ್ದ ನಾಲ್ಕೈದನ್ನ ಪಕ್ಕಕ್ಕೆ ಕರೆದುಕೊಂಡಿತು. ಮಾಳವ್ವ ಒಬ್ಬಳೇ ಮಾಡಿದ್ದರೆ ಅರ್ಧ ದಿನ ಹಿಡಿಯುತ್ತಿದ್ದ ಕೆಲಸ. ಕಳ್ಳನೇ ನಿಂತು ಕಳ್ಳರನ್ನ ಆರಿಸಿಕೊಟ್ಟ.

ಮಾಳವ್ವ ಪಲ್ಲಕ್ಕಿ ಎತ್ತಿದಳು. ಪಕ್ಕದಲ್ಲಿ ತೊರೆಯಪ್ಪ ತೋಡಿ ನೀರು ತುಂಬಿಟ್ಟಿದ್ದ ಬೇರೆ ಗುಂಡಿಗೆ ಅವನ್ನ ಬಿಟ್ಟಳು.

"ಅವ್ವಾ, ದೊರೆ ಎಲ್ಲಿ?"

"ಇಲ್ಲೇ ಇರು, ಬರ್ತಾರೆ."

ಹೊತ್ತೇರಿತು. ಗುಂಡಮೀಸೆಗೆ ಹಸಿವಾಯಿತು. ಪಕ್ಕದವನ ಕಡೆ ಬಾಯಿ ತೆಗೆಯಿತು. ಪಕ್ಕದವನೂ ಇವನ ಕಡೆ ಬಾಯಿ ತೆಗೆದ. ಎರಡು ಬಾಯೂ ಒಂದೇ ಅಳತೆ. ಇದು ಅದನ್ನ ನುಂಗೋ ಹಾಗಿಲ್ಲ, ಅದು ಇದನ್ನ ನುಂಗೋ ಹಾಗಿಲ್ಲ. ತುಂಬ ಹೊತ್ತು ಬಾಯಿ ತೆಗೆದುಕೊಂಡೇ ನಿಂತಿದ್ದವು. ಕೊನೆಗೆ ಮಾಳವ್ವ ಎರಚಿದ ಹಿಂಡಿಯನ್ನ ಎಲ್ಲರ ಹಾಗೆ ಪಾಲಿಗೆ ಬಂದಷ್ಟು ತಿಂದು ಸುಮ್ಮನಾದವು.

ಇತ್ತ ಕೊಳಕ್ಕೆ ಅಂತರಗಂಗೆ ಮರಳಿ ಬಂತು, ಮಡಕೆ ಮರಳಿ ಬಂತು. ಮಾಳವ್ವ ಕಾಲುವೆಯ ತನಕ ಹೋಗಿ ಕಪ್ಪೆಗೆ ಬಾಯಿಬಿಟ್ಟು ತಪ್ಪಾಯಿತು ಅಂದಳು. ಗಂಡನಿಗೆ ಹೇಳೋಕೆ ಬಾಯಿ ಬರಲಿಲ್ಲ. ಒಂದೇ ಉಪ್ಪಿನ ಮುದ್ದೆ ಮಾಡಿ ಬಡಿಸಿದಳು. ಅವನಿಗೆ ಗೊತ್ತಾಯಿತು.

ಮರಿ ಕಮ್ಮಿಯಾಗೋದು ನಿಂತಿತು. ಅಷ್ಟಕ್ಕೆ ಮುಗಿಯಿತು ಅಂದುಕೊಂಡಿರಾ? ನಾಲ್ಕು ದಿನ ಕಳೆದಿರಲಿಲ್ಲ, ಉಳಿದ ಬಡಪಾಯಿಗಳಲ್ಲೇ ಒಂದು ತಲೆ ದಪ್ಪ ಮಾಡಿಕೊಂಡು, "ಅವ್ವಾ, ನಾನು ಕಾವಲಿರಲಾ?" ಅಂತ ಮೇಲೆ ಬಂತು! ನಿನ್ನೆ ಮಡಕೆಯೊಳಗೆ ನಡುಗುತ್ತಿದ್ದದ್ದು ಅದೇ. ಮಾಳವ್ವ ಸೀದಾ ಪಲ್ಲಕ್ಕಿ ಇಳಿಸಿದಳು. ಆಮೇಲೆ ಅದೇ ಅವಳ ವಾಡಿಕೆಯಾಯಿತು. ತಲೆ ದಪ್ಪವಾದವನು ಪಲ್ಲಕ್ಕಿಗೆ, ಪಲ್ಲಕ್ಕಿಯಿಂದ ಸಮಾನರ ಗುಂಡಿಗೆ.

ಮಳೆ ಹಿಡಿಯೋ ದಿನ ಬಂತು. ದೊರೆ ಮುದ್ದುಮಲ್ಲ ಬಂದ. ಕೇರಿಯವರೆಲ್ಲ ಗಂಟುಮೂಟೆ ಪಕ್ಕದಲ್ಲಿಟ್ಟುಕೊಂಡು ದಂಡೆಯಲ್ಲಿ ನಿಂತಿದ್ದರು.

"ಎಲ್ಲಿ, ನಮ್ಮ ದೊಡ್ಡ ಮರಿ ತೋರಿಸು."

ಮಾಳವ್ವ ಹಿತ್ತಾಳೆ ಬಟ್ಟಲನ್ನ ಗುಂಡಿಗೆ ಅದ್ದಿ ಒಂದು ಬಟ್ಟಲು ಮರಿ ತಂದು ಮುಂದಿಟ್ಟಳು. ದೊರೆ ಬಗ್ಗಿದ. ಈ ಕಡೆಯಿಂದ ನೋಡಿದ, ಆ ಕಡೆಯಿಂದ ನೋಡಿದ. ಎಲ್ಲವೂ ಒಂದೇ ಸಮ. ಗುಂಡಮೀಸೆ ಅದರಲ್ಲೇ ಇತ್ತು, "ನಾನೇ, ನಾನೇ!" ಅಂತ ಮೀಸೆ ಕುಣಿಸುತ್ತಿತ್ತು. ಪಕ್ಕದವೂ ಹಾಗೇ ಕುಣಿಸುತ್ತಿದ್ದವು. ದೊರೆಗೆ ಯಾವುದೂ ಗುರುತು ಸಿಗಲಿಲ್ಲ. ಇಷ್ಟು ದಿನ ಮಾಳವ್ವನನ್ನ ಹಿಡಿದಿದ್ದ ಗೊಂದಲ ಈಗ ದೊರೆಯ ಹೆಗಲೇರಿತು.

"ಏನಿದು? ಇದರಲ್ಲಿ ದೊಡ್ಡದು ಯಾವುದು?"

"ನೀವೇ ಹೇಳಬೇಕು ಬುದ್ಧಿ."

"ದೊಡ್ಡದೇ ಇಲ್ಲ ಅಂದ್ರೆ ನಾನು ಏನನ್ನ ನೋಡಲಿ?"

"ಕೊಳ ನೋಡಿ ಬುದ್ಧಿ," ಅಂದಳು ಮಾಳವ್ವ. "ಒಂದು ಸಲ ಕೊಳ ನೋಡಿ."

ಯಾವ ದೊರೆಯೂ ಅಲ್ಲಿಯವರೆಗೆ ಕೊಳ ನೋಡಿರಲಿಲ್ಲ. ಅವನು ದಂಡೆಗೆ ಬಂದು ನಿಂತ. ಮಾಳವ್ವ ಒಂದು ಹಿಡಿ ಹಿಂಡಿ ಎರಚಿದಳು. ಅಂತರಗಂಗೆಯ ಕೆಳಗಿಂದ, ಮಡಕೆಯ ಒಳಗಿಂದ, ಕೊಳದ ನಾಲ್ಕು ಮೂಲೆಯಿಂದ ಮರಿಗಳು ಎದ್ದವು. ನೀರು ಕಪ್ಪಗೆ ಕುದಿಯಿತು. ದೊರೆ ಬಾಯಿಬಿಟ್ಟುಕೊಂಡು ನೋಡಿದ. ಆಮೇಲೆ ಅವನ ಬಾಯಿಂದ ಬಂದದ್ದು ಒಂದೇ ಮಾತು: "ಬಿಡಿ ಕೆರೆಗೆ."

ಕೇರಿಯವರು ಗಂಟು ಅಲ್ಲೇ ಬಿಟ್ಟು ಓಡಿಬಂದರು. ಬಿಂದಿಗೆ, ಕೊಡ, ಗಂಗಾಳ, ಕೈಗೆ ಸಿಕ್ಕಿದ್ದರಲ್ಲಿ ಮರಿ ಹೊತ್ತು ಕೆರೆಗೆ ಬಿಟ್ಟರು. ಎಲ್ಲರೂ ಕುಣಿಯುತ್ತಿದ್ದರು. ಮಾಳವ್ವ ಮಾತ್ರ ಕೊನೆಯ ಬಿಂದಿಗೆ ಬಗ್ಗಿಸಿ ಸ್ವಲ್ಪ ಹೊತ್ತು ನೀರಲ್ಲೇ ನಿಂತಳು. ಮೊದಲು ಹುಟ್ಟಿದ್ದೆಷ್ಟು, ಈಗ ಬಿಟ್ಟದ್ದೆಷ್ಟು ಅಂತ ಅವಳೊಬ್ಬಳಿಗೆ ಗೊತ್ತು. ಹೋದ ಮರಿ ಹೋದವು, ಅದಕ್ಕೆ ಅವಳು ಅತ್ತಳು. ಉಳಿದವು ಕೆರೆಗೆ ಸಾಕಾದವು, ಕೇರಿ ಉಳಿಯಿತು.

ಕೇಳಿದಿರಲ್ಲ ಮಕ್ಕಳೇ? ಒಬ್ಬ ದುಂಡಗಾಗಿದ್ದಾನೆ ಅಂತ ಊರೆಲ್ಲ ಉಂಡಿದೆ ಅಂದುಕೊಳ್ಳಬೇಡಿ. ಕಳ್ಳನನ್ನ ಬೇಲಿಯಾಚೆ ಹುಡುಕೋ ಮೊದಲು ಒಳಗೆ ಯಾರ ಹೊಟ್ಟೆ ಬೆಳೆಯುತ್ತಿದೆ ನೋಡಿ. ಬಲವಿದ್ದವನನ್ನ ಬಲವಿಲ್ಲದವರಿಗೆ ಕಾವಲಿಡಬೇಡಿ, ಅವನ ಸಮಾನರ ಜೊತೆ ಬಿಡಿ.

ಹೂಂ, ಏಳಿ. ಒಳಗೆ ತಟ್ಟೆ ಹಾಕಿದ್ದಾರೆ. ದೊಡ್ಡವರು ಸ್ವಲ್ಪ ತಡೀರಿ, ಚಿಕ್ಕವರು ಮೊದಲು ಕೂತ್ಕೊಳ್ಳಲಿ.